ಈ ಮಳೆಗಾಲದಲ್ಲಿ ಓದಿ ಮುಗಿಸಿದ ಎರಡು ಪುಸ್ತಕಗಳು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಿವೃತ್ತಿಯಾದ ಮೇಲೆ ಓದಲು ಪುರುಸೊತ್ತು ಸಿಕ್ಕಿದೆ. ಈಚೆಗೆ ಮುಗಿಸಿದ ಎರಡು ಪುಸ್ತಕಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ಬರೆದ, ಕಡಲಡಿಯ ಪಯಣದ ವೈಜ್ಞಾನಿಕ ಕಾದಂಬರಿ. 1870ರಲ್ಲೇ ಅದರಲ್ಲಿ ವಿದ್ಯುತ್ತಿನಿಂದ ಓಡುವ ಜಲಾಂತರ್ಗಾಮಿ ಇದೆ! ಕಾರವಾರದ ಕಡಲಲ್ಲಿ ನೌಕಾಪಡೆಯ ಹಡಗು ಕಂಡಾಗಲೆಲ್ಲ ಈಗ ಅದು ನೆನಪಾಗುತ್ತದೆ. ನಾಯಕ ನೆಮೊ ಭಾರತದ ರಾಜಕುಮಾರನೆಂದು ಮುಂದಿನ ಕಾದಂಬರಿಯೊಂದರಲ್ಲಿ ತಿಳಿಯುತ್ತದೆ. ಮೀನುಗಳ ಹೆಸರಿನ ಉದ್ದುದ್ದ ಪಟ್ಟಿಗಳು ಬೇಸರ ತಂದವು. ಆದರೆ ಅಷ್ಟೆಲ್ಲ ತಿಳಿದವನು ಜನರಿಂದ ದೂರವಾಗಿ, ತಿಳಿವಳಿಕೆಯನ್ನು ಸೇಡಿಗೆ ಬಳಸುವುದು ಮನಸ್ಸು ಕಲಕಿತು.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ನನಗೆ ಹೆಚ್ಚು ಹಿಡಿಸಿದ್ದು ಇದೇ. ಹಾರುವ ಓತಿಯನ್ನು ಹುಡುಕುವ ವಿಜ್ಞಾನಿ ಕರ್ವಾಲೊ, ಯಾರೂ ಲೆಕ್ಕಕ್ಕಿಡದ ಹಳ್ಳಿಯ ಮಂದಣ್ಣನ ಮಾತಿಗೆ ಕಿವಿಗೊಡುತ್ತಾರೆ.

ನಮ್ಮ ತರಗತಿಯಲ್ಲೂ ಒಬ್ಬ ಮಂದಣ್ಣನಿದ್ದ. ಗಂಗಾವಳಿ ಅಳಿವೆಯಲ್ಲಿ ಯಾವ ಭರತಿಗೆ ಯಾವ ಮೀನು ಬರುತ್ತದೆಂದು ಅವನಿಗೆ ಗೊತ್ತಿತ್ತು. ಗಣಿತ ಮಾತ್ರ ಬರುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದೆವು, ನಾನೂ ನಕ್ಕಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಶಾಲೆ ಬಿಟ್ಟ. ಪುಸ್ತಕ ಮುಚ್ಚಿದ ಮರುದಿನ ಅವನ ಮನೆಗೆ ಹೋಗಿ, ಇಂದಿನ ಸಮಾರಂಭಕ್ಕೆ ಕರೆದೆ. "ಆ ಶಾಲೆಲಿ ನಂಗೇನ್ ಕೆಲಸ?" ಅಂದ. ಬಂದಿಲ್ಲ.

ಎರಡೂ ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಮಕ್ಕಳೇ, ಓದಿ. ಗುರುಗಳೇ, ಕೊನೆಯ ಬೆಂಚಿನವನನ್ನೂ ಒಮ್ಮೆ ಕೇಳಿ, ನಿನಗೇನು ಗೊತ್ತಪ್ಪ ಎಂದು.