ಎರಡು ರೂಪಾಯಿಯ ಷೇರು ಮತ್ತು ಒಂದು ತೀರ್ಪು

10 ರೂಪಾಯಿ ಮುಖಬೆಲೆಯ ಷೇರು ಎರಡೇ ರೂಪಾಯಿಗೆ ಕೈಬದಲಾದ ಕಥೆ ನಮ್ಮ ಸುರತ್ಕಲ್‌ನದು.

1988ರಲ್ಲಿ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹ ಕೂಡಿ ಇಲ್ಲಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಹುಟ್ಟುಹಾಕಿದವು. ಊರವರು ಬಿಟ್ಟುಕೊಟ್ಟ ಗದ್ದೆ-ತೋಟಗಳ ನೆಲದಲ್ಲಿ 1996ರಲ್ಲಿ ತೈಲ ಸಂಸ್ಕರಣೆ ಶುರುವಾಯಿತು. ಆಮೇಲೆ ವಿಸ್ತರಣೆ, ಸಾಲ, ನಷ್ಟ. 2003ರ ಮಾರ್ಚ್‌ನಲ್ಲಿ ಬಿರ್ಲಾ ಸಮೂಹದ ಶೇ 37.39ರಷ್ಟು ಪಾಲನ್ನು ಒಎನ್‌ಜಿಸಿ 59.43 ಕೋಟಿ ರೂಪಾಯಿಗೆ ಕೊಂಡಿತು. ಲೆಕ್ಕ ಹಾಕಿದರೆ ಷೇರಿಗೆ ಎರಡು ರೂಪಾಯಿ! ಖಾಸಗಿಯವರ ಪಾಲು ಹೀಗೆ ಸರ್ಕಾರಿ ಕಂಪನಿಯ ಕೈಸೇರಿದಾಗ ಸಂಸತ್ತಿನಲ್ಲಿ ಮಸೂದೆಯೇನೂ ಬೇಕಾಗಲಿಲ್ಲ.

ಅದೇ ವರ್ಷ ದೆಹಲಿಯಲ್ಲಿ ಗಾಳಿ ತಿರುವುಮುರುವಾಗಿ ಬೀಸುತ್ತಿತ್ತು. ಎಂಆರ್‌ಪಿಎಲ್‌ನ ಇನ್ನೊಬ್ಬ ಪ್ರವರ್ತಕ ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿದ್ದ ತನ್ನ ಷೇರನ್ನೇ ಖಾಸಗಿಯವರಿಗೆ ಮಾರಲು ವಾಜಪೇಯಿ ಸರ್ಕಾರ ಹೊರಟಿತ್ತು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2003ರ ಸೆಪ್ಟೆಂಬರ್ 16ರಂದು ತೀರ್ಪು ಕೊಟ್ಟ ಪೀಠದಲ್ಲಿದ್ದವರು ನ್ಯಾಯಮೂರ್ತಿ ಜಿ.ಪಿ. ಮಾಥುರ್ ಮತ್ತು ನಮ್ಮ ಕರ್ನಾಟಕದವರೇ ಆದ ಎಸ್. ರಾಜೇಂದ್ರ ಬಾಬು. ಮರುವರ್ಷ ರಾಜೇಂದ್ರ ಬಾಬು ಅವರು ದೇಶದ ಮುಖ್ಯ ನ್ಯಾಯಮೂರ್ತಿಯೂ ಆದರು.

ಅಮೆರಿಕದ ಎಸ್ಸೋ ಕಂಪನಿಯ ಇಲ್ಲಿನ ಆಸ್ತಿಯನ್ನು 1974ರ ಕಾಯ್ದೆಯಿಂದ ಸರ್ಕಾರ ವಶಕ್ಕೆ ಪಡೆದದ್ದರಿಂದ ಹುಟ್ಟಿದ್ದು ಹಿಂದೂಸ್ತಾನ್ ಪೆಟ್ರೋಲಿಯಂ. ಸಂಸತ್ತು ಕಾಯ್ದೆ ಮಾಡಿ ತಂದದ್ದನ್ನು, ಆ ಕಾಯ್ದೆ ತಿದ್ದದೆ ಸಚಿವ ಸಂಪುಟವೊಂದೇ ಬಿಟ್ಟುಕೊಡುವಂತಿಲ್ಲ ಎಂದಿತು ನ್ಯಾಯಾಲಯ. ಗಮನಿಸಿ, ಮಾರುವುದೇ ತಪ್ಪು ಎನ್ನಲಿಲ್ಲ. ಎರಡು ವರ್ಷದ ಹಿಂದೆ ಸರ್ಕಾರಿ ಅಲ್ಯೂಮಿನಿಯಂ ಕಂಪನಿ ಬಾಲ್ಕೋ ಮಾರಾಟಕ್ಕೆ ಇದೇ ಸುಪ್ರೀಂ ಕೋರ್ಟ್ ಅಡ್ಡಬಂದಿರಲಿಲ್ಲ. ಆ ಕಂಪನಿಯ ಹಿಂದೆ ಇಂಥ ಕಾಯ್ದೆ ಇರಲಿಲ್ಲ. ನನ್ನ ಮಟ್ಟಿಗೆ ತೀರ್ಪಿನ ಗಟ್ಟಿತನ ಇರುವುದೇ ಈ ಮಿತಿಯಲ್ಲಿ. ಖಾಸಗೀಕರಣದ ಪರ-ವಿರೋಧದ ವಾದಕ್ಕೆ ಬೀಳದೆ, ಯಾರು ನಿರ್ಧರಿಸಬೇಕು ಎಂಬುದನ್ನಷ್ಟೇ ಅದು ಹೇಳಿತು.

ಖಾಸಗಿ ಮಾರಾಟ ನಿಂತಿತು. 2018ರ ಜನವರಿಯಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನ ಶೇ 51.11ರಷ್ಟು ಪಾಲನ್ನು ಸರ್ಕಾರ 36,915 ಕೋಟಿ ರೂಪಾಯಿಗೆ ಮಾರಿತು ನಿಜ, ಆದರೆ ಕೊಂಡದ್ದು ಒಎನ್‌ಜಿಸಿ. ಬೊಕ್ಕಸಕ್ಕೆ ಹಣವೂ ಬಂತು, ಕಂಪನಿ ಸರ್ಕಾರಿಯಾಗಿಯೂ ಉಳಿಯಿತು. ಹೀಗೆ ಬಿರ್ಲಾ ಜಾಗಕ್ಕೆ ಬಂದಿದ್ದ ಒಎನ್‌ಜಿಸಿ, ಎಂಆರ್‌ಪಿಎಲ್‌ನ ಇನ್ನೊಬ್ಬ ಪ್ರವರ್ತಕನ ಒಡೆಯನೂ ಆಯಿತು.