ಎಣ್ಣೆಗೊಂದು ಗೋಡೆ: ಸೂಕ್ಷ್ಮಪಾಚಿ ಮತ್ತು ಪೂರಕ ಆಹಾರದ ಪುಡಿ

ಸೂಕ್ಷ್ಮಪಾಚಿ ಬರಿಗಣ್ಣಿಗೆ ಕಾಣದ, ಹೆಚ್ಚಾಗಿ ಒಂದೇ ಕೋಶದ ಜಲಜೀವಿ. ಮೀನೆಣ್ಣೆಗೆ ಹೆಸರು ತಂದ ಡಿಎಚ್‌ಎ, ಇಪಿಎ ಎಂಬ ಒಮೇಗಾ-3 ಕೊಬ್ಬಿನಾಮ್ಲಗಳು ಮೊದಲು ಹುಟ್ಟುವುದು ಇಂಥ ಜೀವಿಗಳಲ್ಲಿ. ಮೀನು ಅವನ್ನು ಆಹಾರದ ಮೂಲಕ ಪಡೆದು ಕೂಡಿಡುತ್ತದೆ. ಅಗಸೆ ಬೀಜದ ಒಮೇಗಾ-3 ಬೇರೆ ಬಗೆಯದು. ಮನುಷ್ಯನ ಶರೀರ ಅದರ ಅತ್ಯಲ್ಪ ಭಾಗವನ್ನಷ್ಟೇ ಡಿಎಚ್‌ಎ ಆಗಿ ಮಾರ್ಪಡಿಸಬಲ್ಲದು. ಹಾಗಾಗಿ ಮೀನು ತಿನ್ನದವರಿಗೆ ಪಾಚಿ ಎಣ್ಣೆಯೇ ನೇರ ದಾರಿ. ವಾಣಿಜ್ಯ ಮಟ್ಟದಲ್ಲಿ ಸ್ಕೈಝೋಕೈಟ್ರಿಯಂ, ಕ್ರಿಪ್ತೆಕೊಡಿನಿಯಂ ಕೋಶಗಳನ್ನು ಮುಚ್ಚಿದ ತೊಟ್ಟಿಗಳಲ್ಲಿ ಸಕ್ಕರೆ ಉಣಿಸಿ ಬೆಳೆಸುತ್ತಾರೆ. ಇವೆರಡಕ್ಕೂ ಹಸಿರಿಲ್ಲ, ಬಿಸಿಲೂ ಬೇಕಿಲ್ಲ. ಇಷ್ಟು ವಿವರ ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ.

ತೊಡಕಿರುವುದು ಎಣ್ಣೆಯನ್ನು ಪುಡಿ ಮಾಡುವಲ್ಲಿ. ಡಿಎಚ್‌ಎ ಅಣುವಿನಲ್ಲಿ 22 ಇಂಗಾಲದ ಪರಮಾಣುಗಳೂ 6 ದ್ವಿಬಂಧಗಳೂ ಇವೆ. ಅಕ್ಕಪಕ್ಕದ ಎರಡು ದ್ವಿಬಂಧಗಳ ನಡುವಿನ ಐದೂ ತಾಣಗಳು ಆಮ್ಲಜನಕಕ್ಕೆ ಸುಲಭದ ತುತ್ತು. ಗಾಳಿ, ಬೆಳಕು, ಕಬ್ಬಿಣ ಅಥವಾ ತಾಮ್ರದ ಸೋಂಕು ತಗಲಿದರೆ ಎಣ್ಣೆ ಬೇಗ ಕಮಟು ಹಿಡಿದು ಮೀನಿನ ವಾಸನೆ ಬರುತ್ತದೆ. ಅದಕ್ಕೇ ಎಣ್ಣೆಯ ಹನಿಗಳ ಸುತ್ತ ಗೋಡೆ ಕಟ್ಟಬೇಕು.

ರೂಢಿಯ ವಿಧಾನ ಸ್ಪ್ರೇ ಡ್ರೈಯಿಂಗ್. ಮಾಲ್ಟೋಡೆಕ್ಸ್ಟ್ರಿನ್, ಅರೇಬಿಕ್ ಗೋಂದು, ಹಾಲಿನ ಪ್ರೋಟೀನು ಕರಗಿದ ನೀರಿನಲ್ಲಿ ಎಣ್ಣೆಯನ್ನು ಸುಮಾರು ಒಂದು ಮೈಕ್ರಾನಿನ ಹನಿಗಳಾಗಿ ಒಡೆದು, 160ರಿಂದ 190 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಗೆ ಸಿಂಪಡಿಸುತ್ತಾರೆ. ನೀರು ಆರುವವರೆಗೂ ಹನಿ ತಂಪಾಗಿಯೇ ಇರುವುದರಿಂದ ಎಣ್ಣೆ ಸುಡುವುದಿಲ್ಲ. ಜೆಲಟಿನ್ ಮತ್ತು ಗೋಂದನ್ನು ಎಣ್ಣೆಯ ಸುತ್ತ ಹೆಪ್ಪುಗಟ್ಟಿಸುವ ಇನ್ನೊಂದು ವಿಧಾನ ಗಟ್ಟಿ ಕವಚ ಕೊಡುತ್ತದೆ. ಆದರೆ ಜೆಲಟಿನ್ ಪ್ರಾಣಿಮೂಲದ್ದು. ಮೀನು ಬೇಡವೆಂದು ಪಾಚಿಯ ಕಡೆ ತಿರುಗಿದವರಿಗೆ ಅದನ್ನು ಕೊಟ್ಟರೆ ಮೂಲ ಉದ್ದೇಶವೇ ಕೆಟ್ಟಂತೆ.

ವಿವಾದ ಮೂರನೆಯ ದಾರಿಯ ಬಗ್ಗೆ. ‘ಪಾಚಿಯ ಕೋಶವೇ ಪ್ರಕೃತಿ ಕೊಟ್ಟ ಕವಚ; ಎಣ್ಣೆಯನ್ನು ಹೊರತೆಗೆದು ಮತ್ತೆ ಗೋಡೆ ಕಟ್ಟುವುದೇಕೆ? ಇಡೀ ಕೋಶವನ್ನೇ ಒಣಗಿಸಿ ಪುಡಿ ಮಾಡಿದರೆ ಸಾಲದೆ?’ ಎಂಬ ವಾದಕ್ಕೆ ಇಂದು ಬೆಂಬಲ ಹೆಚ್ಚು. ಡಬ್ಬಿಯ ಮೇಲೆ ‘ನೈಸರ್ಗಿಕ’ ಎಂದು ಅಚ್ಚು ಹಾಕಲು ಅದು ಅನುಕೂಲವೂ ಹೌದು. ಪ್ರಯೋಗಾಲಯದಲ್ಲಿ ಗೆದ್ದ ಮಾತು ಅಡುಗೆಮನೆಯ ಡಬ್ಬಿಯಲ್ಲೂ ಗೆಲ್ಲಬೇಕು. ಈ ವಾದವನ್ನು ಒರೆಗೆ ಹಚ್ಚಬೇಕಾದದ್ದೂ ಅದೇ ಕಲ್ಲಿಗೆ.

ಮೊದಲ ಆಕ್ಷೇಪಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಇದೆ. 1970ರ ದಶಕದಲ್ಲಿ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಜರ್ಮನಿಯ ಸಹಯೋಗದಲ್ಲಿ ಸೆನೆಡೆಸ್ಮಸ್ ಎಂಬ ಹಸಿರು ಪಾಚಿಯನ್ನು ಆಹಾರವಾಗಿಸಲು ಹೊರಟಿತು. ಎಲ್.ವಿ. ವೆಂಕಟರಾಮನ್ ಮತ್ತು ಇ.ಡಬ್ಲ್ಯು. ಬೆಕರ್ ಆ ಕೆಲಸದ ಪ್ರಮುಖರು. ಬಿಸಿಲಿನಲ್ಲಿ ಒಣಗಿಸಿದ ಪಾಚಿಯಲ್ಲಿ ಪ್ರೋಟೀನು ಹೇರಳವಾಗಿದ್ದರೂ ಅದು ಸರಿಯಾಗಿ ಜೀರ್ಣವಾಗಲಿಲ್ಲ. ಅದೇ ಪಾಚಿಯನ್ನು ಕಾದ ಉರುಳೆಯ ಮೇಲೆ ತೆಳುವಾಗಿ ಹರಡಿ ಕೆಲವೇ ಸೆಕೆಂಡುಗಳಲ್ಲಿ ಒಣಗಿಸಿದಾಗ ಕೋಶಭಿತ್ತಿ ಬಿರಿದು ಪೋಷಣೆಯ ಗುಣ ಎದ್ದು ಕಾಣುವಷ್ಟು ಸುಧಾರಿಸಿತು. ಕಪಾಟಿನಲ್ಲಿ ಕಾವಲು ಕಾಯುವ ಗೋಡೆ ಹೊಟ್ಟೆಯೊಳಗೂ ಬಾಗಿಲು ತೆರೆಯದು ಎಂಬುದು ಆ ಪ್ರಯೋಗಗಳ ತಿರುಳು. ಕ್ಲೋರೆಲ್ಲಾದ ತಯಾರಕರು ಭಿತ್ತಿ ಒಡೆದದ್ದನ್ನೇ ಹೆಗ್ಗಳಿಕೆಯಾಗಿ ಸಾರುವುದು, ಹೆಮಟೊಕಾಕಸ್‌ನ ದಪ್ಪಗೋಡೆಯ ಕೋಶಗಳನ್ನು ಬಿರಿಸಿದ ಮೇಲಷ್ಟೇ ಆಸ್ಟಝಾಂಥಿನ್ ತೆಗೆಯುವುದು ಇದೇ ಕಾರಣಕ್ಕೆ.

ಇದಕ್ಕೆ ಎದುರುವಾದವಾಗಿ ಸ್ಪಿರುಲಿನಾವನ್ನು ಮುಂದಿಡುವುದುಂಟು. ಅದರ ಭಿತ್ತಿ ಸೆಲ್ಯುಲೋಸ್ ಇಲ್ಲದ ತೆಳುಪದರ, ಸುಲಭವಾಗಿ ಜೀರ್ಣವಾಗುತ್ತದೆ ಎಂಬುದು ನಿಜ. ಆದರೆ ಸ್ಪಿರುಲಿನಾದ ಸಂಪತ್ತು ಪ್ರೋಟೀನು, ತೂಕದಲ್ಲಿ ಶೇ. 60ರಿಂದ 70. ಕೊಬ್ಬು ಅತಿ ಕಡಿಮೆ, ಅದರಲ್ಲಿ ಡಿಎಚ್‌ಎ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ಎಣ್ಣೆಯೇ ಇಲ್ಲದ ಕೋಶವನ್ನು ಎಣ್ಣೆಯ ಕವಚಕ್ಕೆ ಉದಾಹರಣೆಯಾಗಿ ತರುವುದು ವಾದವಲ್ಲ.

ಹಸಿರಿರುವ ಕೋಶಗಳ ಮಟ್ಟಿಗೆ ಎರಡನೆಯ ಆಕ್ಷೇಪ ಆ ಹಸಿರಿನದೇ. ಕ್ಲೋರೊಫಿಲ್ ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿ ಅದನ್ನು ಚುರುಕುಗೊಳಿಸುತ್ತದೆ. ಚುರುಕಾದ ಆಮ್ಲಜನಕ ನೇರವಾಗಿ ದ್ವಿಬಂಧಗಳ ಮೇಲೆ ಬೀಳುತ್ತದೆ. ಜೀವಂತ ಕೋಶಕ್ಕೆ ಇದನ್ನು ತಡೆಯುವ ಏರ್ಪಾಡುಗಳಿವೆ. ಸತ್ತು ಒಣಗಿದ ಕೋಶದಲ್ಲಿ ಅವು ಕುಸಿದಿರುತ್ತವೆ, ವರ್ಣಕ ಮಾತ್ರ ಉಳಿದಿರುತ್ತದೆ. ಪಾರದರ್ಶಕ ಡಬ್ಬಿಯಲ್ಲಿಟ್ಟ ಹಸಿರು ಪುಡಿಯೊಳಗೆ ಎಣ್ಣೆಯ ವೈರಿ ಎಣ್ಣೆಯ ಪಕ್ಕದಲ್ಲೇ ಕೂತಿರುತ್ತದೆ.

ಹಾಗೆಂದು ಸ್ಪ್ರೇ ಡ್ರೈಯಿಂಗ್ ಪಕ್ಷದವರ ಮಾತೆಲ್ಲ ಸರಿಯೆಂದಲ್ಲ. ಅವರ ಅಂಕಿಗಳು ಬಹುಪಾಲು ಒಣ ಹವೆಯ ಕೋಣೆಯವು. ಆದರೆ ಮುಂಬಯಿ ಸುತ್ತಲಿನ ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಗಳಂಥ ಊರುಗಳಲ್ಲಿ ಜುಲೈ ತಿಂಗಳ ಗಾಳಿಯ ಆರ್ದ್ರತೆ ಶೇ. 80 ದಾಟುವುದು ಮಾಮೂಲು. ಮಾಲ್ಟೋಡೆಕ್ಸ್ಟ್ರಿನ್ ಗೋಡೆ ಗಾಜಿನಂತೆ ಬಿರುಸಾಗಿದ್ದರೆ ಮಾತ್ರ ಆಮ್ಲಜನಕವನ್ನು ತಡೆಯುತ್ತದೆ. ಪೂರ್ತಿ ಒಣಗಿದ್ದಾಗ ಅದರ ಸಾಮಾನ್ಯ ಬಗೆಯೊಂದು ಮೆತ್ತಗಾಗಲು ಸುಮಾರು 160 ಡಿಗ್ರಿ ಬೇಕು. ತೇವ ಹೀರುತ್ತ ಹೋದಂತೆ ಆ ಮಿತಿ ಕೋಣೆಯ ಉಷ್ಣತೆಗೇ ಇಳಿಯುತ್ತದೆ. ಮಳೆಗಾಲದಲ್ಲಿ ದಿನವೂ ಮುಚ್ಚಳ ತೆರೆದು ಒದ್ದೆ ಚಮಚ ಅದ್ದಿದ ಡಬ್ಬಿಯಲ್ಲಿ ಪುಡಿ ಮೊದಲು ಅಂಟುತ್ತದೆ, ಆಮೇಲೆ ಗಂಟುಕಟ್ಟುತ್ತದೆ, ಕೊನೆಗೆ ಗೋಡೆ ಕುಸಿದು ಎಣ್ಣೆ ಹೊರಗೆ ಬರುತ್ತದೆ. ಪ್ರೋಟೀನಿನ ಪಾಲು ಹೆಚ್ಚಿರುವ ಗೋಡೆ ಹೀಗೆ ಬೇಗ ಮೆತ್ತಗಾಗುವುದಿಲ್ಲ.

ಗುಣಮಟ್ಟ ತೋರಿಸಲು ಪೆರಾಕ್ಸೈಡ್ ಅಂಕಿಯೊಂದನ್ನೇ ಮುಂದೊಡ್ಡುವುದೂ ಸಲ್ಲದು. ಎಣ್ಣೆ ಕೆಡುತ್ತಿರುವಾಗ ಆ ಅಂಕಿ ಮೊದಲು ಏರಿ, ಪೆರಾಕ್ಸೈಡುಗಳೇ ಒಡೆದು ವಾಸನೆಯ ವಸ್ತುಗಳಾದಂತೆ ಇಳಿಯುತ್ತದೆ. ಪೂರಾ ಕಮಟಾದ ಎಣ್ಣೆಯೂ ಒಳ್ಳೆಯ ಅಂಕಿ ತೋರಿಸಬಹುದು. ಜೊತೆಗೆ, ಹೀಗೆ ಒಡೆದು ಬಂದ ವಸ್ತುಗಳನ್ನು ಸೂಚಿಸುವ ಅನಿಸಿಡಿನ್ ಅಂಕಿ ಬೇಕು, ಹೊರಮೈ ಎಣ್ಣೆಯ ಅಳತೆ ಬೇಕು. ಹೊರಮೈ ಎಣ್ಣೆಯನ್ನು ಅಳೆಯುವುದು ಕಷ್ಟವಲ್ಲ: ತೂಗಿದ ಪುಡಿಯನ್ನು ಶೋಧಕ ಕಾಗದದ ಮೇಲೆ ಹೆಕ್ಸೇನಿನಿಂದ ಬೇಗನೆ ತೊಳೆದು, ಇಳಿದ ದ್ರವವನ್ನು ಆರಿಸಿ, ತಳದಲ್ಲುಳಿದ ಎಣ್ಣೆಯನ್ನು ತೂಗಿದರಾಯಿತು. ಗೋಡೆಯ ಹೊರಗೆ ಉಳಿದ ಎಣ್ಣೆಯಷ್ಟೂ ಅದರಲ್ಲಿ ಸಿಗುತ್ತದೆ. ಮೊದಲು ಕೆಡುವುದೂ ಅದೇ.

ಎರಡೂ ಪಕ್ಷಗಳ ನಡುವೆ ನಿಲ್ಲಬಲ್ಲ ದಾರಿಯೊಂದಿದೆ. ಹಸಿರಿಲ್ಲದ ಕೋಶಗಳನ್ನು ಅಧಿಕ ಒತ್ತಡದಲ್ಲಿ ಒಡೆದರೆ ಹೊರಬರುವ ಪ್ರೋಟೀನು ಎಣ್ಣೆ–ನೀರನ್ನು ಬೆಸೆದು ಹಿಡಿಯಬಲ್ಲದು. ಆ ಪ್ರೋಟೀನನ್ನೇ ಗೋಡೆಯ ಮುಖ್ಯ ವಸ್ತುವಾಗಿಸಿ ಸ್ಪ್ರೇ ಡ್ರೈಯರಿಗೆ ಹಾಕಿದರೆ ಗೋಡೆ ಪಾಚಿಯದೇ ಆಗುತ್ತದೆ, ಹೊಟ್ಟೆಯಲ್ಲಿ ಕರಗುತ್ತದೆ, ಜೆಲಟಿನ್ನಿನ ಹಂಗೂ ಇರುವುದಿಲ್ಲ. ಖರ್ಚು ಹೆಚ್ಚು, ಒಡೆದ ಕೋಶದ ಕಿಣ್ವಗಳನ್ನು ಕೂಡಲೇ ಬಿಸಿಮಾಡಿ ನಿಷ್ಕ್ರಿಯಗೊಳಿಸದಿದ್ದರೆ ಅವೇ ಎಣ್ಣೆಯನ್ನು ಕೆಡಿಸುತ್ತವೆ. ಈ ಎರಡು ಕೊರತೆಗಳನ್ನು ಒಪ್ಪಿಕೊಂಡೇ ಈ ದಾರಿಯನ್ನು ಎತ್ತಿಹಿಡಿಯಬೇಕು.

ಕೊನೆಗೆ ಯಾವುದೇ ಪುಡಿ ನಾಲ್ಕು ಪರೀಕ್ಷೆ ದಾಟಬೇಕು: ಹೊರಮೈಯಲ್ಲಿ ಎಣ್ಣೆ ಎಷ್ಟು, ಆರ್ದ್ರ ಹವೆಯಲ್ಲಿ ಗೋಡೆ ಎಷ್ಟು ಕಾಲ ಗಟ್ಟಿ, ಬೆಳಕಿನಲ್ಲಿ ಎಣ್ಣೆ ಹೇಗೆ ಉಳಿಯುತ್ತದೆ, ಜೀರ್ಣರಸದಲ್ಲಿ ಗೋಡೆ ಎಷ್ಟು ತೆರೆಯುತ್ತದೆ. ಇಡೀ ಕೋಶದ ಪುಡಿಗೂ ಕಟ್ಟಿದ ಕವಚದ ಪುಡಿಗೂ ಇದೇ ಅಳತೆಗೋಲು. ಇವುಗಳ ಫಲಿತಾಂಶ ಕೈಗೆ ಬರುವವರೆಗೆ ‘ನೈಸರ್ಗಿಕ ಕವಚ’ ಎಂಬುದನ್ನು ಗುಣದ ಪ್ರಮಾಣವೆಂದು ಎಣಿಸಲಾಗದು.