ಗೋಡೆ ಯಾರದು, ಒಳಗಿದ್ದವರು ಯಾರು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ದಾಸೋಹದ ಬಗ್ಗೆ ಮಾತನಾಡಿ ಎಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಅನುಭಾವದ ಮಾತು ಹೇಳಲು ನನಗಿಂತ ಬಲ್ಲವರು ಇಲ್ಲಿ ಬಹಳ ಮಂದಿ ಇದ್ದೀರಿ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರದಲ್ಲಿ ಇಂಜಿನಿಯರ್ ಆಗಿ ದುಡಿದವನು. ಆದ್ದರಿಂದ ನನಗೆ ಗೊತ್ತಿರುವ ಮನೆಯ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಅದರಲ್ಲೂ, ತಮ್ಮದೆಂದು ತೋರಿಸಲು ಒಂದು ಚೀಟಿಯೂ ಇಲ್ಲದ ಮನೆಯನ್ನು ಕಳೆದುಕೊಂಡವರ ವಿಷಯ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆಗಳು ಉಕ್ಕಿದ್ದು ನಿಮಗೆಲ್ಲ ನೆನಪಿದೆ. ಬಿದ್ದ ಮನೆಗಳ ಸಮೀಕ್ಷೆಗೆ ಹೋದವರಲ್ಲಿ ನಾನೂ ಒಬ್ಬ. ಮಲಪ್ರಭಾ ದಂಡೆಯ ಒಂದು ಊರಿನಲ್ಲಿ ಮಣ್ಣಿನ ಮನೆಯೊಂದರ ಎರಡು ಗೋಡೆ ಕುಸಿದಿದ್ದವು. ಮಾಲೀಕರು ಪಟ್ಟಣದಲ್ಲಿದ್ದರು. ಒಳಗೆ ಹತ್ತೊಂಬತ್ತು ವರ್ಷದಿಂದ ಇದ್ದದ್ದು ಅವರ ಹೊಲದಲ್ಲಿ ದುಡಿಯುವ ಕುಟುಂಬ. ಬಾಡಿಗೆ ಇಲ್ಲ, ಕರಾರು ಇಲ್ಲ, ಬಾಯಿಮಾತು ಅಷ್ಟೆ. ನಾವು ಉತಾರ ನೋಡಿ ಮಾಲೀಕರ ಹೆಸರು ಬರೆಯುತ್ತಿದ್ದಾಗ ಆ ಮನೆಯ ಅಜ್ಜಿ ಕೇಳಿದಳು: “ಸಾಹೇಬ್ರ, ಗ್ವಾಡಿ ಅವ್ರದ ಇರ್ಲಿ. ಒಳಗಿನ ಜ್ವಾಳ ನಮ್ದಲ್ರೀ?”

ನನ್ನ ಸೇವಾವಧಿಯಲ್ಲಿ ಇಷ್ಟು ಚೊಕ್ಕವಾದ ತಾಂತ್ರಿಕ ಪ್ರಶ್ನೆಯನ್ನು ಯಾವ ಮೇಲಧಿಕಾರಿಯೂ ಕೇಳಿರಲಿಲ್ಲ.

ಅಜ್ಜಿ ಹೇಳಿದ್ದು ನಿಯಮದಲ್ಲೇ ಇದೆ. ಗೋಡೆಗೆ ಬರುವ ಹಣ ಬೇರೆ, ಒಳಗಿದ್ದವರಿಗೆ ಬರುವ ಹಣ ಬೇರೆ. ಆ ವರ್ಷ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅದು ಮನೆ ಕಟ್ಟಿಕೊಳ್ಳಲು, ಆದ್ದರಿಂದ ಜಾಗ ಯಾರದೆಂಬ ಪ್ರಶ್ನೆ ಬರುತ್ತದೆ. ನೀರು ನುಗ್ಗಿದ ಮನೆಗಳವರಿಗೆ ತುರ್ತಾಗಿ ಕೊಟ್ಟ 10,000 ರೂಪಾಯಿ ಹಾಗಲ್ಲ. ಬಟ್ಟೆಬರೆಗೆ 1,800, ಪಾತ್ರೆಪಗಡೆಗೆ 2,000 ಎಂಬುದು ಆಗಿನ ಕೇಂದ್ರದ ಮಾನದಂಡ. ಉಳಿದದ್ದನ್ನು ರಾಜ್ಯ ಸೇರಿಸಿತು. ಬಟ್ಟೆಯನ್ನು ಉಟ್ಟವರು, ಪಾತ್ರೆಯಲ್ಲಿ ಉಂಡವರು ಯಾರೋ ಅವರಿಗೇ ಅದು ಸೇರಬೇಕು. ಇದನ್ನು ತಿಳಿಯದೆ ಎಷ್ಟೋ ಕುಟುಂಬಗಳು “ಮನೆ ನಿಮ್ಮದಲ್ಲ” ಎಂಬ ಒಂದೇ ಮಾತಿಗೆ ಎರಡನ್ನೂ ಬಿಟ್ಟು ಹಿಂದಿರುಗುತ್ತವೆ.

ಹಾಗಾದರೆ ವಾಸವಿದ್ದೆವು ಎಂದು ತೋರಿಸುವುದು ಹೇಗೆ? ರೇಷನ್ ಕಾರ್ಡು, ಮತದಾರರ ಚೀಟಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ, ಕರೆಂಟ್ ಬಿಲ್ಲು. ಇವು ಒಡೆತನ ಕೊಡುವುದಿಲ್ಲ, ವಾಸ ತೋರಿಸುತ್ತವೆ. ಇಲ್ಲಿ ಬೇಕಾದದ್ದೂ ಅಷ್ಟೇ. ಪಟ್ಟಣದಲ್ಲಿ ಕರಾರಿಲ್ಲದೆ ಬಾಡಿಗೆಗೆ ಇರುವವರು ತಿಂಗಳ ಹಣವನ್ನು ಫೋನಿನಲ್ಲೇ ಕಳಿಸಿದರೆ ಬ್ಯಾಂಕಿನ ಪಾಸ್‌ಬುಕ್ಕೇ ಸಾಕ್ಷಿ ಹೇಳುತ್ತದೆ. ಮತ್ತೊಂದು ಮಾತು: ಪಂಚನಾಮೆಯ ಹೊತ್ತಿಗೆ ಮನೆಯವರು ಸ್ಥಳದಲ್ಲಿರಬೇಕು. ಗಂಜಿ ಕೇಂದ್ರದಲ್ಲಿ ಕುಳಿತರೆ ಹೆಸರು ಹೋಗುವುದು ಅಲ್ಲಿಯೇ.

ಇನ್ನು ಕಾಯಂ ಮನೆಯ ಮಾತು. ಬಸವ ವಸತಿ ಯೋಜನೆಯಲ್ಲಾಗಲಿ, ಬಯಲುಸೀಮೆಯಲ್ಲಿ 1.20 ಲಕ್ಷ ಕೊಡುವ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಾಗಲಿ, ಕಟ್ಟಲು ಮೊದಲು ಜಾಗ ಬೇಕು. ಜಾಗವೇ ಇಲ್ಲದವರ ಹೆಸರು ಗ್ರಾಮ ಪಂಚಾಯಿತಿಯ ನಿವೇಶನರಹಿತರ ಪಟ್ಟಿಯಲ್ಲಿ ಇರಬೇಕು. ವಸತಿರಹಿತರ ಪಟ್ಟಿ ಬೇರೆ, ನಿವೇಶನರಹಿತರ ಪಟ್ಟಿ ಬೇರೆ. ಒಂದರಲ್ಲಿದ್ದರೆ ಇನ್ನೊಂದರಲ್ಲಿ ಇದ್ದಂತಲ್ಲ. ವಿಧವೆಯರು, ಅಂಗವಿಕಲರಿಗಾಗಿ ದೇವರಾಜ ಅರಸು ವಸತಿ ಯೋಜನೆಯೂ ಇದೆ. ಸರ್ಕಾರಿ ಜಾಗದಲ್ಲಿ ಹಿಂದಿನಿಂದ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಕಲಂ, ಪಟ್ಟಣದಲ್ಲಾದರೆ 94ಸಿಸಿ. ಅರ್ಜಿಯ ಗಡುವು ಆಗಾಗ ಬದಲಾಗುತ್ತದೆ, ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿಯಿರಿ. ಕಂದಾಯ ದಾಖಲೆಗೆ ಸೇರದ ತಾಂಡಾ, ಹಟ್ಟಿ, ದೊಡ್ಡಿಗಳಿಗೆ ಭೂಸುಧಾರಣಾ ಕಾಯ್ದೆಯಲ್ಲಿ 38ಎ ಎಂಬ ಕಲಂ ಸೇರಿದೆ. ಅದರ ಬಲದಿಂದಲೇ 2023ರ ಜನವರಿಯಲ್ಲಿ ಮಳಖೇಡದ ಸಮಾರಂಭದಲ್ಲಿ ಸಾವಿರಾರು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ದೊರೆಯಿತು.

ಈಗ ನಮ್ಮೊಳಗಿನ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಹೊಲಮನೆ ಉಳ್ಳವರು ಬಹಳ. ಮಠಗಳಿಗೂ ಜಮೀನಿದೆ, ಅದರ ಅಂಚಿನಲ್ಲಿ ದುಡಿಯುವವರ ಗುಡಿಸಲುಗಳಿವೆ. “ಈ ಕುಟುಂಬ ಇಷ್ಟು ವರ್ಷದಿಂದ ಇಲ್ಲಿ ವಾಸವಾಗಿದೆ” ಎಂದು ಎರಡು ಸಾಲು ಬರೆದುಕೊಡಿ ಎಂದರೆ ಎಲ್ಲರ ಕೈಯೂ ಹಿಂದೆ ಸರಿಯುತ್ತದೆ. ಕಾರಣ ನನಗೆ ಗೊತ್ತು: 1974. ಉಳುವವನೇ ಒಡೆಯನೆಂಬ ಕಾನೂನು ಬಂದು ನಮ್ಮ ಹಿರಿಯರ ಎಷ್ಟೋ ಜಮೀನು ಹೋಯಿತು. ಆ ಭಯ ಇಂದಿಗೂ ಮನೆಮನೆಯಲ್ಲಿದೆ. ಆದರೆ ಆ ಗೇಣಿ ಹಕ್ಕು 1974ರ ಮಾರ್ಚ್ 1ರ ಸ್ಥಿತಿಗೆ ಸಂಬಂಧಿಸಿದ್ದು. ಇಂದು ಬರೆದ ವಾಸದ ಪತ್ರದಿಂದ ಹೊಲ ಹೋಗುವುದಿಲ್ಲ.

ಮನೆ ನಿಂತ ಅಡಿಸ್ಥಳದ ಮಾತು ಬೇರೆ. ಪರರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕರಿಗೆಂದೇ ಅದೇ ಕಾಯ್ದೆಯಲ್ಲಿ 38ನೇ ಕಲಂ ಇದೆ. ಅರ್ಧ ಗುಂಟೆ ಹೋದೀತೆಂಬ ಅಂಜಿಕೆಗೆ ನಾನು ಸಮಾಧಾನ ಹೇಳಲಾರೆ. ಹತ್ತೊಂಬತ್ತು ವರ್ಷ ನಮ್ಮ ಹೊಲದಲ್ಲಿ ಕಾಯಕ ಮಾಡಿದವರಿಗೆ ಅರ್ಧ ಗುಂಟೆ ಹೆಚ್ಚೇ? ಅಣ್ಣ ಬಸವಣ್ಣನವರ ಮಹಾಮನೆಯ ಹೆಸರು ಹೇಳಿಕೊಳ್ಳುವ ನಾವು ಪಂಕ್ತಿಯಲ್ಲಿ ಕೂರಿಸಿ ಉಣಿಸುತ್ತೇವೆ, ಉಂಡವರು ಮಲಗುವ ಜಾಗದ ಬಗ್ಗೆ ಮಾತ್ರ ಮೌನ. ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಹೊಳೆಯಲ್ಲ, ಮಾಲೀಕನೇ ರಾತ್ರೋರಾತ್ರಿ ಸಾಮಾನು ಹೊರಗಿಟ್ಟ ಪ್ರಸಂಗಗಳೂ ಇವೆ. ಸ್ವಾಧೀನದಲ್ಲಿದ್ದವರನ್ನು ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ, ಒಡೆತನದ ಪ್ರಶ್ನೆ ಎತ್ತದೆಯೇ ಸ್ವಾಧೀನ ಮರಳಿ ಕೇಳಲು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅವಕಾಶ ಕೊಡುತ್ತದೆ. ಆರು ತಿಂಗಳೊಳಗೆ ದಾವೆ ಹೂಡಬೇಕು. ವಕೀಲರ ಫೀಜಿಗೆ ದುಡ್ಡೆಲ್ಲಿ ಎನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ನೆರೆ, ಬರ, ಭೂಕಂಪದಲ್ಲಿ ನೊಂದವರಿಗೆ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದರೂ ಸಾಕು.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟು. ಮಠದ ಜಮೀನಿನಲ್ಲಿ, ಭಕ್ತರ ತೋಟದ ಮನೆಗಳಲ್ಲಿ ವಾಸವಿರುವ ಕುಟುಂಬಗಳ ಒಂದು ಖಾತೆ ಪುಸ್ತಕ ಮಠದಲ್ಲಿರಲಿ. ಹೆಸರು, ಯಾವ ವರ್ಷದಿಂದ ಇದ್ದಾರೆ, ಮನೆಯ ಮುಂದೆ ನಿಂತ ಒಂದು ಫೋಟೋ. ಹೊಳೆ ಬರುವ ಮೊದಲೇ ಬರೆದಿಟ್ಟ ಪುಸ್ತಕಕ್ಕೆ, ಬಂದ ಮೇಲೆ ಬರೆದ ಪತ್ರಕ್ಕಿಂತ ತೂಕ ಹೆಚ್ಚು. ಮುಂದಿನ ಗ್ರಾಮಸಭೆಗೆ ನಾವು ನಾಲ್ಕು ಮಂದಿಯಾದರೂ ಹೋಗಿ ನಿವೇಶನರಹಿತರ ಪಟ್ಟಿಯನ್ನು ಗಟ್ಟಿಯಾಗಿ ಓದಿಸೋಣ. ಬಿಟ್ಟುಹೋದ ಹೆಸರನ್ನು ಬಾಯಲ್ಲಿ ಹೇಳಿ ಬರಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದೇಳಿ.

ಕಾಗದಪತ್ರ ತಂದವರು ಪ್ರಸಾದ ಮುಗಿಸಿ ಇಲ್ಲಿಯೇ ಇರಿ, ನೋಡಿಕೊಡುತ್ತೇನೆ.